ಓದುಗರ ಪ್ರಶ್ನೆ: "ಎಲ್ಲಾ ಬಣ್ಣಕ್ಕೂ ಕೆಂಪು ಅಂತಾನ್ರಿ, ಕಣ್ಣಿಂದೇನರ ತೊಂದ್ರಿ ಇರ್ಬಹುದಾ?"

ಬಾಗಲಕೋಟ್ಯಾಗ ಹೋಳಿ ಹಲಗಿ ಸದ್ದು ನಿಂತ ಮ್ಯಾಲೆ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ತಗದು ನೋಡಿದ್ರ ಈ ಸಲ ಅರ್ಧಕ್ಕರ್ಧ ಬಣ್ಣದ ಬಗ್ಗೇನ ಅದಾವ. ಪಿಚಕಾರಿ ಹಿಡ್ಕೊಂಡು ನಿಂತ ಹುಡುಗ್ರಿಗೆ ಮನಿಮಂದಿ "ಇದ್ಯಾವ ಬಣ್ಣ ಹೇಳು" ಅಂತ ಕೇಳ್ಯಾರ, ಹುಡುಗ್ರು ತಪ್ಪು ಹೇಳ್ಯಾವ, ಅಲ್ಲಿಂದ ಗಾಬರಿ ಸುರು. ಹಿಂಗಾಗಿ ಕೆಮ್ಮು, ನೆಗಡಿ, ಊಟ ಮಾಡಂಗಿಲ್ಲ ಅನ್ನೋ ಪ್ರಶ್ನೆ ಎಲ್ಲಾ ಮುಂದಿನ ತಿಂಗಳಿಗೆ ಇಟ್ಟು ಬಣ್ಣದ್ದಷ್ಟ ತಗೊಂಡೀನಿ.

ಪ್ರಶ್ನೆ: ಡಾಕ್ಟರ್ ಮೇಡಮ್ಮರಿಗೆ ನಮಸ್ಕಾರ. ನಮ್ಮ ಮಗನಿಗೆ ಎರಡು ವರ್ಷ ಎಂಟು ತಿಂಗಳ್ರಿ. ಮಾತು ಚಲೋ ಆಡ್ತಾನ, ಟ್ರ್ಯಾಕ್ಟರ್, ಜೆಸಿಬಿ, ಎಮ್ಮಿ, ಮೊಸಳಿ ಎಲ್ಲಾ ಹೇಳ್ತಾನ, ಹತ್ತರ ತನಕ ಎಣಸ್ತಾನ, ಆದ್ರ ಬಣ್ಣ ಮಾತ್ರ ಏನ್ ತೋರಿಸಿದ್ರೂ ಕೆಂಪು ಅಂತಾನ್ರಿ. ಬಾಳಿ ಎಲಿ ತೋರಿಸಿದ್ರೂ ಕೆಂಪು, ಆಕಾಶ ತೋರಿಸಿದ್ರೂ ಕೆಂಪು. ನಮ್ಮ ಅಣ್ಣಗ ಕಲರ್ ಬ್ಲೈಂಡ್ನೆಸ್ ಐತ್ರಿ, ರೈಲ್ವೇದಾಗ ಲೋಕೋ ಪೈಲಟ್ ನೌಕರಿ ಮೆಡಿಕಲ್ ಟೆಸ್ಟಿನ್ಯಾಗ ಹೋತು. ಈಗ ನಮ್ಮತ್ತಿಯವರು "ನಿನ್ನ ತವರಮನಿ ರೋಗ ನಮ್ಮ ಮೊಮ್ಮಗಗ ಹಚ್ಚಿದಿ" ಅಂತ ದಿನಾ ಅಂತಾರ. ಈಗ್ಲೇ ಟೆಸ್ಟ್ ಮಾಡಿಸ್ಲಾ?
– ಒಬ್ಬ ತಾಯಿ, ಮುಧೋಳ

ಉತ್ತರ: ಮೊದಲ ಸಮಾಧಾನ ಮಾಡ್ಕೋರಿ ತಂಗಿ. ಎರಡೂವರಿ ವರ್ಷದ ಕೂಸು ಎಲ್ಲಾದಕ್ಕೂ ಒಂದ ಬಣ್ಣದ ಹೆಸರು ಹೇಳೋದು ಬಾಳ ಸಾಮಾನ್ಯ. ಬಣ್ಣ ಕಾಣೋದು ಬ್ಯಾರೆ, ಬಣ್ಣದ ಹೆಸರು ಹೇಳೋದು ಬ್ಯಾರೆ. ಕಾಣೋ ಕೆಲಸ ಹುಟ್ಟಿದ ಮೂರು ನಾಕು ತಿಂಗಳಿಗೇ ಸುರು ಆಗಿರ್ತೈತಿ, ತೊಟ್ಟಿಲ ಮ್ಯಾಲೆ ಕಟ್ಟಿದ ಕೆಂಪು ಗಿಲಕಿ ಕಡೆ ಕೂಸು ಸುಮ್ನ ನೋಡಂಗಿಲ್ಲ. ಹೆಸರು ಹೇಳೋದು ಮಾತ್ರ ಎರಡು ವರ್ಷ ದಾಟಿದ ಮ್ಯಾಲೆ ಒಂದೊಂದ ಬರ್ತೈತಿ, ಕೆಲವು ಹುಡುಗ್ರಿಗೆ ನಾಕು ವರ್ಷ ಆದ್ರೂ ನೀಲಿ ಹಸಿರು ಅದಲು ಬದಲು ಆಗ್ತಾವ, ಅದೂ ನಡೀತೈತಿ. ನಿಮ್ಮ ಹುಡುಗ ಒಂದ್ಸಲ ಯಾರದೋ ಮೀಸಿ ನೋಡಿ "ಕಾಕಾ" ಅಂತ ಕಲ್ತಿದ್ರ ಆಮ್ಯಾಲೆ ಬಸ್ ಕಂಡಕ್ಟರ್‌ಗೂ ಕಾಕಾ, ಹಾಲಿನಾವಗೂ ಕಾಕಾ ಅಂದಿರ್ತಾನ. ಹಂಗಂತ ಅವಗ ಮುಖದ ಗುರುತು ಸಿಗಂಗಿಲ್ಲ ಅಂತ ಯಾರರ ಅಂದಾರೇನು? ಕೆಂಪು ಅನ್ನೋದೂ ಹಂಗ, "ಬಣ್ಣದ ಬಗ್ಗೆ ಕೇಳಿದ್ರ ಈ ಮಾತು ಹೇಳ್ಬೇಕು" ಅಂತ ಅವ ಅರ್ಧಾ ಕಲ್ತಾನ, ಇನ್ನರ್ಧಾ ಬರೋದೈತಿ.

ಟ್ರ್ಯಾಕ್ಟರ್ ಹೇಳಾವ್ಗೆ ಕೆಂಪು ಯಾಕ ಬರಂಗಿಲ್ಲ ಅಂತ ಬಾಳ ಮಂದಿ ಕೇಳ್ತಾರ. ಟ್ರ್ಯಾಕ್ಟರ್ ಮುಟ್ಟಬಹುದು, ಅದಕ್ಕ ಗಾಲಿ ಅದಾವ, ಸದ್ದು ಮಾಡ್ತೈತಿ. ಕೆಂಪು ಅನ್ನೋದು ಎಲ್ಲೈತಿ? ಚೆಂಡಿನ್ಯಾಗೂ ಐತಿ, ಟೊಮ್ಯಾಟೋದಾಗೂ ಐತಿ, ಆಯಿ ಸೀರಿ ಸೆರಗಿನ್ಯಾಗೂ ಐತಿ, ಎಲ್ಲಾ ಬಿಟ್ಟು ಆ ಒಂದ ಗುಣಾ ಹಿಡಿಯೋದು ಸಣ್ಣ ತಲಿಗೆ ದೊಡ್ಡ ಕೆಲಸ. ಮತ್ತ ಕೆಂಪು ಎಲ್ಲಿ ಮುಗೀತೈತಿ, ಕೇಸರಿ ಎಲ್ಲಿಂದ ಸುರು ಆಗ್ತೈತಿ ಅನ್ನೋದಕ್ಕ ಗೆರಿ ಯಾರೂ ಹೊಡದಿಲ್ಲ, ನಮ್ಮ ನಿಮ್ಮಂಥ ದೊಡ್ಡಾವ್ರೇ ಸೀರಿ ಅಂಗಡ್ಯಾಗ ಅದಕ್ಕ ಜಗಳ ಆಡ್ತೀವಿ.

ಈ ಗಾಬರಿ ನಿಮಗೊಬ್ರಿಗೇ ಬಂದದ್ದಲ್ಲ. ಸಾಲ್ಯಾಗ ವಿಕಾಸವಾದ ಅಂತ ಓದ್ತೀವಲ್ಲ, ಆ ಚಾರ್ಲ್ಸ್ ಡಾರ್ವಿನ್ ತಮ್ಮ ಮಕ್ಕಳ ಬೆಳವಣಿಗಿ ಬರದಿಟ್ಟು ನೋಡ್ತಿದ್ರು. 1877ರಾಗ ಅವರು ಬರದದ್ದೇನಂದ್ರ, ತಮ್ಮ ಎರಡು ಮೂರು ಮಕ್ಕಳು ಉಳಿದ ಎಲ್ಲಾ ಸಾಮಾನಿನ ಹೆಸರು ಹೇಳ್ತಿದ್ರೂ ಬಣ್ಣದ ಹೆಸರು ಮಾತ್ರ ಎಷ್ಟು ಕಲಿಸಿದ್ರೂ ಸರಿ ಹೇಳ್ತಿರ್ಲಿಲ್ಲ, ಇವರಿಗೆ ಬಣ್ಣಗುರುಡು ಐತಿ ಅಂತ ಅವರು ತಿಳ್ಕೊಂಡಿದ್ರಂತ, ಆಮ್ಯಾಲೆ ನೋಡಿದ್ರ ಹಂಗೇನೂ ಇರ್ಲಿಲ್ಲ. ಅಷ್ಟು ದೊಡ್ಡ ಮನಶ್ಯಾನೇ ಹೆದ್ರಿದ್ದ ಅಂದ್ರ ಮುಧೋಳದ ತಾಯಿ ಹೆದರೋದ್ರಾಗ ಏನೂ ತಪ್ಪಿಲ್ಲ.

ಮನ್ಯಾಗ ನೀವು ಮಾಡಬಹುದಾದ್ದು ಹೇಳ್ತೀನಿ. ಹೆಸರು ಕೇಳಬ್ಯಾಡ್ರಿ, ಜೋಡಿ ಹಚ್ಚಸ್ರಿ. ಗಾಜಿನ ಬಳಿ ಎಲ್ಲಾರ ಮನ್ಯಾಗೂ ಇರ್ತಾವ, ಒಂದೇ ಸೈಜಿನವು ಕೆಂಪು, ಹಸಿರು, ಕಂದು, ಕೇಸರಿ, ನೀಲಿ, ನೇರಳಿ ಹಿಂಗ ಎರಡೆರಡು ತಗೊಂಡು ಹಗಲಿನ ಬೆಳಕಿನ್ಯಾಗ ಪಡಸಾಲ್ಯಾಗ ಕುಂತು, ಒಂದು ನಿಮ್ಮ ಕೈಯಾಗ ಹಿಡದು "ಇಂಥಾದ್ದ ಇನ್ನೊಂದು ಹುಡುಕಿ ಕೊಡು" ಅನ್ರಿ. ಬಳಿ ಒಡದು ಕೈಗೆ ಹತ್ಯಾವು, ನೀವು ಬಾಜೂಕ ಇರ್ರಿ. ಕೆಂಪು ಹಸಿರು ತೊಂದ್ರಿ ಇರೋ ಹುಡುಗ ಹಸಿರಿಗೆ ಕಂದು ಜೋಡಿ ಮಾಡ್ತಾನ, ನೇರಳಿಗೆ ನೀಲಿ, ಕೆಲವೊಮ್ಮೆ ಕೇಸರಿಗೆ ತಿಳಿ ಹಸಿರು. ಆದ್ರ ಒಂದು ಮಾತು ನೆನಪಿಡ್ರಿ, ಎಲ್ಲಾ ಸರಿ ಜೋಡಿಸಿದಾ ಅಂದ್ರ ಪಾಸ್ ಅಂತಲ್ಲ, ಯಾಕಂದ್ರ ಗಾಢ, ತಿಳಿ ಅನ್ನೋ ವ್ಯತ್ಯಾಸ ಹಿಡ್ಕೊಂಡೂ ಶಾಣ್ಯಾ ಹುಡುಗ್ರು ಜೋಡಿ ಹಚ್ಚತಾವ. ಎಡವಿದಾ ಅಂದ್ರೂ ಫೇಲ್ ಅಂತಲ್ಲ, ಆ ವಯಸ್ಸಿಗೆ ಆಟದ ಮ್ಯಾಲೆ ಮನಸ್ಸು ಎಷ್ಟೊತ್ತು ನಿಲ್ತೈತಿ ಹೇಳ್ರಿ.

ಕಲಿಸೋ ಮುಂದ ಇನ್ನೊಂದು ಮಾಡಿ ನೋಡ್ರಿ. "ಕೆಂಪು ಚೆಂಡು ತಾ" ಅನ್ನೋ ಬದಲಿ "ಚೆಂಡು ನೋಡು, ಕೆಂಪೈತಿ" ಅನ್ರಿ. ಮೊದಲ ಸಾಮಾನು, ಆಮ್ಯಾಲೆ ಬಣ್ಣ. ಇಂಗ್ಲಿಷ್ ಮಾತಾಡೋ ಎರಡು ವರ್ಷದ ಮಕ್ಕಳ ಮ್ಯಾಲೆ ಅಮೆರಿಕದಾಗ ಮಾಡಿದ ಅಭ್ಯಾಸದಾಗ ಹಿಂಗ ಹೇಳಿದ್ರ ಮಕ್ಕಳು ಬಣ್ಣ ಚಲೋ ಹಿಡೀತಾವ ಅಂತ ಕಂಡೈತಿ, ನಮ್ಮ ಮಾತಿನ್ಯಾಗೂ ಹಂಗ ಹೇಳಾಕ ಖರ್ಚೇನೂ ಇಲ್ಲ. ಮತ್ತ ದಯವಿಟ್ಟು, ಬೀಗರು ಬಂದಾಗ ಎಲ್ಲಾರ ಮುಂದ ನಿಲ್ಲಿಸಿ ಪರೀಕ್ಷಾ ಮಾಡೋದು ಬಿಡ್ರಿ. ಮಂದಿ ನಕ್ಕದ್ದು ನೋಡಿ ಹುಡುಗ್ರು ಬೇಕಂತ ತಪ್ಪು ಹೇಳ್ತಾವ, ಇಲ್ಲಂದ್ರ ಬಾಯೇ ಬಿಡಂಗಿಲ್ಲ.

ಇನ್ನ ನಿಮ್ಮತ್ತಿಯವರ ಮಾತು. ಬಂದ ದಾರಿ ಅವರು ಹೇಳಿದ್ದು ಖರೆ, ತಪ್ಪು ಹೊರಿಸಿದ್ದು ಸುಳ್ಳು. ಕೆಂಪು ಹಸಿರು ಗುರುತಿಸೋ ಜೀನ್‌ಗಳು (ಹೆತ್ತವರಿಂದ ಮಕ್ಕಳಿಗೆ ಬರೋ ಗುಣದ ತುಣುಕು) ಎಕ್ಸ್ ಕ್ರೋಮೋಸೋಮ್ ಅನ್ನೋ ಎಳಿ ಮ್ಯಾಲೆ ಇರ್ತಾವ. ಗಂಡು ಹುಡುಗಗ ಇರೋದು ಒಂದ ಎಕ್ಸ್, ಅದು ತಾಯಿಯಿಂದ ಬರ್ತೈತಿ, ಅದ್ರಾಗ ಲೋಪ ಇದ್ರ ಮುಚ್ಚಾಕ ಇನ್ನೊಂದು ಇಲ್ಲ. ಹೆಣ್ಣಿಗೆ ಎರಡು ಇರೋದ್ರಿಂದ ಒಂದು ಕೆಟ್ಟಿದ್ರೂ ಇನ್ನೊಂದು ನಡಸ್ತೈತಿ, ತನಗ ತೊಂದ್ರಿ ಇಲ್ದನ ಮಕ್ಕಳಿಗೆ ದಾಟಸ್ತಾಳ. ನಿಮ್ಮ ಅಣ್ಣಗ ಐತಿ ಅಂದ್ರ ನಿಮ್ಮವ್ವ ಹಂಗ ದಾಟಿಸಿದಾಕಿ, ನೀವೂ ಹಂಗ ಇರೋ ಸಾಧ್ಯತಾ ಅರ್ಧ, ನೀವು ಹಂಗಿದ್ರ ಒಂದೊಂದು ಗಂಡು ಕೂಸಿಗೂ ಮತ್ತ ಅರ್ಧ. ಒಟ್ಟಿಗೆ ಹಿಡದ್ರ ನಾಕರಾಗ ಒಂದು ಪಾಲು ಆಗಬಹುದು, ಮೂರು ಪಾಲು ಇಲ್ಲ. ಇದು ಯಾರು ತಿಂದದ್ದು ಉಂಡದ್ದರಿಂದ ಬಂದದ್ದಲ್ಲ, ಗ್ರಹಣದಾಗ ಹೊರಗ ಹೋದದ್ದರಿಂದನೂ ಅಲ್ಲ. ಅತ್ತಿಯವರಿಗೆ ಈ ಪುಟಾನ ಓದಿ ಹೇಳ್ರಿ, ನನ್ನ ಮ್ಯಾಲೆ ಸಿಟ್ಟು ಬಂದ್ರ ಬರ್ಲಿ.

ಟೆಸ್ಟ್ ಈಗ ಬ್ಯಾಡ. ಮಾವಗ ಇರೋದ್ರಿಂದ ನಾಕು ನಾಕೂವರಿ ವರ್ಷ ಆದಾಗ, ಸಾಲಿಗೆ ಹಾಕೋ ಮುಂದ, ಕಣ್ಣಿನ ಡಾಕ್ಟರ್ ಹತ್ರ ಒಮ್ಮೆ ತೋರಿಸ್ರಿ. ಚುಕ್ಕಿ ಚುಕ್ಕಿ ಒಳಗ ಅಂಕಿ ಇರೋ ಪುಸ್ತಕ ನೋಡೀರಲ್ಲ, ಜಪಾನಿನ ಡಾಕ್ಟರ್ ಇಶಿಹಾರಾ 1917ರಾಗ ಮಾಡಿದ್ದು, ಇವತ್ತಿಗೂ ಅದನ್ನ ನಡಸ್ತೀವಿ. ಅಂಕಿ ಬರದ ಹುಡುಗ್ರಿಗೆ ಅದ್ರಾಗ ಬಳ್ಳಿಯಂಗ ಹರದ ಗೆರಿ ಮ್ಯಾಲೆ ಬೆರಳು ಆಡಿಸೋ ಹಾಳಿ ಇರ್ತಾವ, ಚಿತ್ರದ ಟೆಸ್ಟೂ ಬ್ಯಾರೆ ಅದಾವ. ಆದ್ರ ಇವು ಕಂಡ್ರ ಮಾತ್ರ ನಾಕು ವರ್ಷದ ತನಕ ಕಾಯಬ್ಯಾಡ್ರಿ: ಕಣ್ಣಗುಡ್ಡಿ ಒಂದ ಸವನ ಅಲುಗಾಡೋದು, ಬಿಸಲಿಗೆ ಹೋದ್ರ ಕಣ್ಣ ತೆರಿಯಾಕ ಆಗದಿರೋದು, ಕಣ್ಣಿನ ನಡುವಿನ ಕರಿ ಪಾಪಿ ಒಳಗ ಬೆಳ್ಳಗ ಕಾಣೋದು, ಮೆಳ್ಳಗಣ್ಣು, ಸಾಮಾನು ಮೂಗಿನ ಹತ್ರ ತಂದು ನೋಡೋದು. ಇವು ಬಣ್ಣದ ಮಾತಲ್ಲ, ಇಡೀ ಕಣ್ಣಿನ ಮಾತು, ಅವತ್ತ ಹೋಗ್ಬೇಕು.

ಪ್ರಶ್ನೆ: ಮನ್ಯಾಗ ನಾವು ಕನ್ನಡ, ನಮ್ಮ ಮಿಸೆಸ್ ಕಡೆಯವ್ರು ಮರಾಠಿ, ನರ್ಸರಿಯಲ್ಲಿ ಇಂಗ್ಲಿಷ್. ಮಗಳಿಗೆ ಮೂರು ವರ್ಷ. ಒಂದೇ ಎಲೆಗೆ ಒಮ್ಮೆ ಹಸಿರು, ಒಮ್ಮೆ ಹಿರವಾ, ಒಮ್ಮೆ ಯೆಲ್ಲೋ ಅಂತಾಳೆ. ಮೂರು ಭಾಷೆ ಸೇರಿ ತಲೆ ಕೆಟ್ಟಿದೆಯಾ?
– ಟಿಳಕವಾಡಿ, ಬೆಳಗಾವಿ

ಉತ್ತರ: ತಲಿ ಕೆಟ್ಟಿಲ್ಲ ಸರ್, ಬಾಳ ಚಲೋ ಓಡಾಕತ್ತೈತಿ. ಎರಡು ಭಾಷಾದಾಗ ಎಲಿ ಬಣ್ಣ ಸರಿ ಹೇಳ್ಯಾಳಲ್ಲ, ಮೂರನೇದ್ರಾಗ ಎಡವಿದ್ಲು ಅಷ್ಟ. ಕಣ್ಣಿಂದು ಏನರ ಇದ್ದಿದ್ರ ಮೂರೂ ಭಾಷಾದಾಗೂ ಒಂದ ನಮೂನಿ ಎಡವ್ತಿದ್ಲು. ಬೆಳಗಾವ್ಯಾಗ ಬೆಳಿಯೋ ಹುಡುಗ್ರಿಗೆ ಇದು ಇದ್ದದ್ದ, ಆಯಿ ಮರಾಠಿಯೊಳಗ ಹೇಳ್ಲಿ, ನೀವು ಕನ್ನಡದೊಳಗ ಹೇಳ್ರಿ, ಯಾರೂ ಬಿಡಬ್ಯಾಡ್ರಿ. ಮತ್ತ ಹೆಣ್ಣು ಹುಡುಗಿ, ಅದಕ್ಕ ಸಾಧ್ಯತಾನೂ ಬಾಳ ಕಡಿಮಿ, ಅದು ಹೆಂಗ ಅಂತ ಮುಂದಿನ ಉತ್ತರದಾಗ ಐತಿ.

ಪ್ರಶ್ನೆ: ನಾನು ನೇಕಾರ್ರಿ. ನನಗ ಸಣ್ಣಂದಿನಿಂದ ಹಸಿರು ನೂಲು ಕಂದು ನೂಲು ಗುರ್ತ ಸಿಗಂಗಿಲ್ಲ, ಲಡಿ ಬ್ಯಾರೆ ಮಾಡಿ ಕೊಡೋದು ನಮ್ಮನ್ಯಾಕಿ. ಅಕ್ಕನ ಮಗಳನ್ನೇ ಮದುವಿ ಆಗೀನಿ. ಮಗಳಿಗೆ ನಾಕು ವರ್ಷ, ಮಗನಿಗೆ ಒಂದೂವರಿ. ಹೆಣ್ಣಿಗೆ ಇದು ಬರೋದ ಇಲ್ಲ ಅಂತ ಒಬ್ರು ಅಂದ್ರು, ಅಪ್ಪಂದು ಮಗನಿಗೆ ಬಂದ ಬರ್ತೈತಿ ಅಂತ ಇನ್ನೊಬ್ರು ಅಂದ್ರು. ಯಾವ್ದು ಖರೆ?
– ಇಳಕಲ್ಲ

ಉತ್ತರ: ಎರಡೂ ಖರೆ ಅಲ್ಲಣ್ಣಾರ. ಅಪ್ಪ ಮಗನಿಗೆ ಕೊಡೋದು ವೈ ಕ್ರೋಮೋಸೋಮ್, ಅದ್ರಾಗ ಈ ಜೀನೇ ಇಲ್ಲ. ಹಂಗಾಗಿ ನಿಮ್ಮಿಂದ ನಿಮ್ಮ ಮಗನಿಗೆ ಇದು ಹೋಗಂಗಿಲ್ಲ. ಮಗನಿಗೆ ಬಂದ್ರ ಅವರವ್ವನ ಕಡಿಂದ ಬರ್ಬೇಕು. ಮಗಳಿಗೆ ಮಾತ್ರ ನಿಮ್ಮ ಎಕ್ಸ್ ಹೋಗೇ ಹೋಗ್ತೈತಿ, ಅಂದ್ರ ಆಕಿ ಮುಂದ ದಾಟಿಸೋ ಹುಡುಗಿ ಅನ್ನೋದು ಖಾತ್ರಿ. ಆಕಿಗೇ ಬಣ್ಣ ಕಾಣೋ ತೊಂದ್ರಿ ಆಗ್ಬೇಕಂದ್ರ ತಾಯಿಯಿಂದ ಬಂದ ಎಕ್ಸಿನ್ಯಾಗೂ ಅದ ಲೋಪ ಇರ್ಬೇಕು.

ಸಂಬಂಧದಾಗ ಮದುವಿ ಆಗದಿದ್ರ ಈ ಮಾತು ಇಲ್ಲಿಗೇ ಮುಗೀತಿತ್ತು. ನಿಮಗ ಇದು ಬಂದದ್ದು ನಿಮ್ಮವ್ವನಿಂದ. ಅದೇ ಎಕ್ಸ್ ನಿಮ್ಮಕ್ಕಗೂ ಹೋಗಿರಬಹುದು, ಅದಕ್ಕ ಅರ್ಧ ಸಾಧ್ಯತಾ. ಅಕ್ಕನಿಂದ ಆಕಿ ಮಗಳಿಗೆ, ಅಂದ್ರ ನಿಮ್ಮ ಹೆಂಡ್ತಿಗೆ, ಮತ್ತ ಅದರ ಅರ್ಧ. ಅಂದ್ರ ನಾಕರಾಗ ಒಂದು ಪಾಲು ನಿಮ್ಮನ್ಯಾಕಿನೂ ದಾಟಿಸೋ ಹೆಣ್ಮಗಳು ಇರಬಹುದು. ಆಕಿ ಹಂಗಿದ್ರ ಮಗಳಿಗೆ ಐವತ್ತಕ್ಕೈವತ್ತು, ಮಗನಿಗೂ ಐವತ್ತಕ್ಕೈವತ್ತು. ಯುರೋಪ್ ಮೂಲದ ಮಂದ್ಯಾಗ ಗಂಡಸ್ರಿಗೆ ಸುಮಾರು 8%, ಹೆಣ್ಮಕ್ಕಳಿಗೆ 0.5% ಅಂತ ಲೆಕ್ಕ ಐತಿ, ಏಷ್ಯಾದ ಕಡೆ ಅದಕ್ಕಿಂತ ಕಡಿಮಿ. ಹೆಣ್ಣಿಗೆ ಅಪರೂಪ ಖರೆ, ಬರೋದ ಇಲ್ಲ ಅನ್ನೋದು ಸುಳ್ಳು, ಮತ್ತ ನಮ್ಮ ಕಡೆ ಅಕ್ಕನ ಮಗಳು, ಮಾವನ ಮಗಳು ಅಂತ ಒಳಗೊಳಗ ಮದುವಿ ಆಗೋ ಮನಿಗೆ ಅಪರೂಪದ್ದೂ ಹೊಕ್ಕೊಳ್ಳಾಕ ದಾರಿ ಸಿಗ್ತೈತಿ. ಆದ ಮದುವಿ ಬಗ್ಗೆ ಈಗ ಹಳಹಳಿ ಬ್ಯಾಡ, ಮಗಳನ್ನ ಕೊಡೋ ಮುಂದ ಈ ಮಾತು ಮನ್ಯಾಗ ನೆನಪಿರ್ಲಿ.

ಮಗಳಿಗೆ ನಾಕು ವರ್ಷ ಅಂದ್ರಿ, ಆಕಿನ ಈಗ ನೋಡಬಹುದು, ಮತ್ತ ಅದಕ್ಕ ಸಾಮಾನು ನಿಮ್ಮ ಮನ್ಯಾಗ ರಾಶಿ ಐತಿ. 1875ರಾಗ ಸ್ವೀಡನ್ನಿನ ಲಾಗರ್‌ಲುಂಡಾದಾಗ ದೊಡ್ಡ ರೈಲು ಅಪಘಾತ ಆತು, ಅದಾದ ಮ್ಯಾಲೆ ಹೋಲ್ಮ್‌ಗ್ರೆನ್ ಅನ್ನೋ ಡಾಕ್ಟರು ರೈಲ್ವೇ ನೌಕರರ ಬಣ್ಣದ ದೃಷ್ಟಿ ನೋಡಾಕ ತಗೊಂಡದ್ದು ಏನ್ ಗೊತ್ತೇನ್ರಿ, ಬಣ್ಣ ಬಣ್ಣದ ಉಣ್ಣಿ ನೂಲಿನ ಲಡಿ! ಒಂದು ಲಡಿ ಕೊಟ್ಟು ಇದರ ಛಾಯಾದವು ಎಲ್ಲಾ ಆರಿಸು ಅಂತಿದ್ರು. ಹೆಸರು ಕೇಳ್ತಿರ್ಲಿಲ್ಲ. ನಿಮ್ಮ ಮಗಳಿಗೆ ಗಿಣಿ ಹಸಿರಿನ ಲಡಿ ಒಂದು ಕೊಟ್ಟು ರಾಶ್ಯಾಗಿನ ಹಸಿರೆಲ್ಲಾ ಆರಿಸಾಕ ಹಚ್ರಿ, ಕಂದು, ಬೂದಿ, ತಿಳಿ ಕೇಸರಿ ನಡುವ ಬೆರಸಿರ್ರಿ. ನೋಡೋ ಕೆಲಸ ಮಾತ್ರ ನಿಮ್ಮನ್ಯಾಕಿದು, ನೀವಲ್ಲ. ಆಕಿ ಅನುಮಾನ ಪಟ್ರ ಕಣ್ಣಿನ ಡಾಕ್ಟರ್ ಕಡೆ ಹೋಗ್ರಿ. ಮಗಳಿಗೆ ಇದ್ದದ್ದು ಖಾತ್ರಿ ಆದ್ರ ನಿಮ್ಮ ಹೆಂಡ್ತಿಯಿಂದನೂ ದಾಟೈತಿ ಅಂತ ಅರ್ಥ, ಆಗ ಮಗನಿಗೂ ನಾಕು ವರ್ಷಕ್ಕ ತಪ್ಪದ ತೋರಿಸ್ರಿ.

ನಿಮಗ ಒಂದು ಸಣ್ಣ ಸಲಹಾ, ಲಡಿ ತಂದ ದಿನಾನೇ ಒಂದೊಂದಕ್ಕ ಚೀಟಿ ಕಟ್ಟಿ ಬಣ್ಣದ ಹೆಸರು ಬರಸಿಬಿಡ್ರಿ. ಸೆರಗಿನ ಕೆಂಪು ಬಿಳಿಗೆ ನಿಮಗ ತ್ರಾಸ ಇರ್ಲಿಕ್ಕಿಲ್ಲ, ದಡಿಗೆ ನೂಲು ಹಾಕೋ ಮುಂದ ಕೈ ಕೆಡತೈತಿ. ರಾತ್ರಿ ಬಲ್ಬಿನ ಬೆಳಕಿನ್ಯಾಗ ನೂಲು ಆರಿಸಬ್ಯಾಡ್ರಿ.

ಪ್ರಶ್ನೆ: ನಾನು ಒಂದನೇತ್ತ ಟೀಚರ್. ನಮ್ಮ ಕ್ಲಾಸಿನಾಗ ಒಬ್ಬ ಹುಡುಗ ಗಿಡದ ಎಲಿ ಎಲ್ಲಾ ಕಂದು ಬಣ್ಣ ಹಚ್ಚತಾನ, ಮನಶ್ಯಾರ ಮುಖಕ್ಕ ಹಸಿರು ಹಚ್ಚತಾನ. ಓದೋದ್ರಾಗ ಶಾಣ್ಯಾ ಅದಾನ. ಕ್ರೇಯಾನಿನ ಹಾಳಿ ಮ್ಯಾಲೆ ಬರದದ್ದು ಓದಿ ಹಚ್ಚು ಅಂದ್ರ ಸರಿ ಹಚ್ಚತಾನ. ತಾಯಿ ತಂದಿಗೆ ಹೆಂಗ ಹೇಳೋದು?
– ಶಿಕ್ಷಕಿ, ಇಂಡಿ ತಾಲೂಕು

ಉತ್ತರ: ಟೀಚರ್, ಅರ್ಧಾ ಪರೀಕ್ಷಾ ನೀವೇ ಮುಗಿಸೀರಿ. ಓದಿ ಹಚ್ಚಿದ್ರ ಸರಿ, ನೋಡಿ ಹಚ್ಚಿದ್ರ ತಪ್ಪು ಅಂದ್ರ ಹೆಸರಿನ ತೊಂದ್ರಿ ಅಲ್ಲ, ಈ ಹುಡುಗನ್ನ ಡಾಕ್ಟರ್‌ಗೆ ತೋರಿಸ್ಬೇಕು. ನಿಮ್ಮ ಸಾಲಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಟೀಮ್ ವರ್ಷಕ್ಕೊಮ್ಮೆ ಬರ್ತೈತಿ, ಅಂಗನವಾಡಿಗೆ ಎರಡು ಸಲ, ಅವರಿಗೆ ಹುಡುಗನ ಹೆಸರು ಕೊಟ್ಟು ಇಂಥಾದ್ದು ಕಂಡೈತಿ ಅಂತ ಬಾಯಿಬಿಟ್ಟು ಹೇಳ್ರಿ, ಅವರು ಮುಂದ ಕಳಸ್ತಾರ. ನೀವಾಗೇ ಹೇಳದಿದ್ರ ದೂರದ ಅಕ್ಷರ ಕಾಣ್ತಾವ, ಕಣ್ಣು ಸರಿ ಐತಿ ಅಂತ ಬರದು ಹೋಗಬಹುದು, ದೂರದ ದೃಷ್ಟಿಗೂ ಬಣ್ಣಕ್ಕೂ ಸಂಬಂಧ ಇಲ್ಲಲ್ಲ.

ಪಾಲಕರಿಗೆ ಹೇಳೋ ಮುಂದ "ಕುರುಡು" ಅನ್ನೋ ಮಾತೇ ತಗೀಬ್ಯಾಡ್ರಿ, ಇಡೀ ಓಣಿ ತುಂಬ ಹುಡುಗ ಕುರುಡ ಆಗಿ ಕುಂದರ್ತಾನ. ಅವನಿಗೆ ಕಪ್ಪು ಬಿಳುಪು ಅಷ್ಟ ಕಾಣ್ತೈತಿ ಅನ್ನೋದೂ ತಪ್ಪು. ಕಣ್ಣಿನ ಪರದಾದಾಗ ಬಣ್ಣ ಗುರುತಿಸೋ ಮೂರು ನಮೂನಿ ಕೋನ್ ಜೀವಕೋಶ ಇರ್ತಾವ, ಅದ್ರಾಗ ಒಂದು ನಮೂನಿದು ಇರಂಗಿಲ್ಲ ಇಲ್ಲಂದ್ರ ಬ್ಯಾರೆ ರೀತಿ ಕೆಲಸ ಮಾಡ್ತೈತಿ, ನೀಲಿ ಹಳದಿ ಅವನಿಗೆ ಚಂದ ಕಾಣ್ತಾವ. "ಕೆಲವು ಬಣ್ಣ ಅವಗ ಒಂದ ಥರ ಕಾಣ್ತಾವ, ತೋರಿಸ್ಕೊಂಡು ಬರ್ರಿ" ಅಂದ್ರ ಸಾಕು. ಕ್ಲಾಸಿನಾಗ ನೀವು ಮಾಡೋದು: ಬೋರ್ಡಿನ ಮ್ಯಾಲೆ ಕೆಂಪು ಸೀಮಿಸುಣ್ಣ ಬಿಟ್ಟು ಬಿಳಿ ಹಳದಿ ಬಳಸ್ರಿ, ಕ್ರೇಯಾನಿನ ಹಾಳಿ ಹರೀಬ್ಯಾಡ್ರಿ, "ಹಸಿರು ಚಿತ್ರಕ್ಕ ಗೋಲ ಹಾಕು" ಅನ್ನೋ ಪ್ರಶ್ನಿಗೆ ಮಾರ್ಕ್ಸ್ ಕಡಿಬ್ಯಾಡ್ರಿ. ಮ್ಯಾಪಿನ್ಯಾಗ ಜಿಲ್ಲಾ ತೋರಿಸೋ ಮುಂದ ಹೆಸರು ಬರಸ್ರಿ. ಹಸಿರು ಮುಖ ನೋಡಿ ಬಾಕಿ ಹುಡುಗ್ರು ನಕ್ರ ಅದನ್ನ ಅಲ್ಲಿಗೇ ನಿಲ್ಲಸ್ರಿ, ಅವನ ಕಣ್ಣಿಗೆ ಆ ಮುಖ ಸರೀನ ಐತಿ.

ಪ್ರಶ್ನೆ: ದಿನಾ ಗಜ್ಜರಿ ತಿನಿಸಿದ್ರ ಬಣ್ಣಗುರುಡು ಹೋಗ್ತೈತೇನ್ರಿ?
– ಬಾದಾಮಿ

ಉತ್ತರ: ಇಲ್ಲ. ಅದು ರಾತ್ರಿಗುರುಡಿನ ಮಾತು, ಅದು ವಿಟಮಿನ್ ಎ ಕಮ್ಮಿ ಆದ್ರ ಬರೋದು, ಅದಕ್ಕಂತ ಒಂಬತ್ತು ತಿಂಗಳಿಂದ ಐದು ವರ್ಷದ ತನಕ ಒಂಬತ್ತು ಡೋಸ್ ವಿಟಮಿನ್ ಎ ಸರ್ಕಾರದಿಂದನ ಕೊಡ್ತಾರ, ಅದನ್ನ ತಪ್ಪಿಸಬ್ಯಾಡ್ರಿ. ಗಜ್ಜರಿ ತಿನ್ನಸ್ರಿ, ಹೊಟ್ಟಿಗೆ ಚಲೋ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಸೈನಿಕ ಶಾಲಿ ಆರನೇತ್ತ ಎಂಟ್ರನ್ಸಿಗೆ ಕೋಚಿಂಗ್ ಹಚ್ಚೀವಿ. ಮೊಬೈಲ್ ಆ್ಯಪಿನ್ಯಾಗ ಚುಕ್ಕಿ ಟೆಸ್ಟ್ ಮಾಡಿದ್ರ ಅರ್ಧಕ್ಕರ್ಧ ತಪ್ಪು ಬಂತು. ಆನ್‌ಲೈನಿನ್ಯಾಗ ಬಣ್ಣ ಕಾಣೋ ಚಷ್ಮಾ ಸಿಗ್ತದ ಅಂತ, ಹಾಕ್ಕೊಂಡವ್ರು ಅಳೋ ವಿಡಿಯೋನೂ ನೋಡೀನಿ. ತರಸ್ಲೇನು?
– ವಿಜಯಪುರ

ಉತ್ತರ: ಮೊದಲ ಆ್ಯಪ್ ಬಿಡ್ರಿ. ಒಂದೊಂದು ಮೊಬೈಲಿನ ಸ್ಕ್ರೀನ್ ಒಂದೊಂದು ಬಣ್ಣ ತೋರಸ್ತೈತಿ, ಐ ಕಂಫರ್ಟ್ ಅಂತ ಹಳದಿ ಮಾಡಿಟ್ಟಿದ್ರ ಮುಗದ ಹೋತು, ನನ್ನ ಕಣ್ಣಿಗೂ ತಪ್ಪ ಬರ್ತೈತಿ. ಅಚ್ಚಿನ ಪುಸ್ತಕದಾಗ, ಹಗಲಿನ ಬೆಳಕಿನ್ಯಾಗ, ಗೊತ್ತಿದ್ದವರ ಕಡಿಂದ ಮಾಡಸ್ರಿ. ಈ ವಯಸ್ಸಿಗೆ ಉತ್ತರ ಪಕ್ಕಾ ಬರ್ತೈತಿ.

ಚಷ್ಮಾ ಬಗ್ಗೆ ಹೇಳ್ಬೇಕಂದ್ರ, ಅದು ಕೆಲವು ಬೆಳಕಿನ ಅಲಿ ತಡದು ಎರಡು ಬಣ್ಣದ ನಡುವಿನ ಅಂತರ ಎದ್ದು ಕಾಣೋ ಹಂಗ ಮಾಡ್ತೈತಿ, ಇಲ್ಲದ ಕೋನ್ ಕೋಶ ತಂದು ಕೊಡಂಗಿಲ್ಲ. ಕೆಲವರಿಗೆ ಕೆಲವು ಕಡೆ ಅನುಕೂಲ ಆಗ್ತೈತಿ, ಕೆಲವರಿಗೆ ಒಂದು ಬಣ್ಣ ಸರಿ ಹೋಗಿ ಇನ್ನೊಂದು ಕೆಡತೈತಿ. ಅಷ್ಟು ರೊಕ್ಕ ಒಂಬತ್ತು ವರ್ಷದ ಹುಡುಗನ ಮೂಗಿನ ಮ್ಯಾಲೆ ಹಾಕೋದು ನನಗ ಒಪ್ಪಂಗಿಲ್ಲ, ಮೆಡಿಕಲ್ ಟೆಸ್ಟಿನ್ಯಾಗ ಅದನ್ನ ಹಾಕ್ಕೊಂಡು ಕುಂದರಾಕೂ ಬಿಡಂಗಿಲ್ಲ. ಔಷಧಿ ಇಲ್ಲ, ಆಪರೇಶನ್ ಇಲ್ಲ. 2009ರಾಗ ಅಮೆರಿಕದ ಸಂಶೋಧಕರು ಹುಟ್ಟಿನಿಂದ ಕೆಂಪು ಹಸಿರು ಕಾಣದ ಸ್ಕ್ವಿರಲ್ ಮಂಕಿಗಳ ಕಣ್ಣಿಗೆ ಜೀನ್ ಹಾಕಿ ಆ ಬಣ್ಣ ಗುರುತಿಸೋ ಹಂಗ ಮಾಡಿದ್ರು, ಆದ್ರ ಅದು ಇನ್ನ ನಮ್ಮ ಮಕ್ಕಳ ದವಾಖಾನಿಗೆ ಬಂದಿಲ್ಲ. ಬ್ಯಾರೆ ಯಾರರ ಬೇರು ಸೊಪ್ಪು ಕೊಟ್ಟು ವಾಸಿ ಮಾಡ್ತೀನಂದ್ರ ರೊಕ್ಕ ಕೊಡಬ್ಯಾಡ್ರಿ.

ಸೈನಿಕ ಶಾಲಿ 1963ರಿಂದ ನಿಮ್ಮೂರಾಗ ಇರೋದ್ರಿಂದ ಆ ಆಸೆ ಹುಟ್ಟೋದು ಸಹಜ, ಬೆಳಗಾವಿ ಕಡೆ ಮರಾಠಾ ಲೈಟ್ ಇನ್‌ಫಂಟ್ರಿ, ಸಾಂಬ್ರಾದ ಏರ್‌ಫೋರ್ಸ್ ನೋಡಿ ಬೆಳದ ಹುಡುಗ್ರದ್ದೂ ಹಂಗ. ಪ್ರವೇಶಕ್ಕ ಮೆಡಿಕಲ್ ಇರ್ತೈತಿ, ಸೈನ್ಯದಾಗ ಬಣ್ಣದ ದೃಷ್ಟಿ ನೋಡ್ತಾರ, ವಿಮಾನ ಹಾರಿಸೋರಿಗೆ ಮತ್ತ ರೈಲು ನಡಸೋರಿಗೆ ಬಾಳ ಬಿಗಿ. ಹಂಗಾಗಿ ಕೋಚಿಂಗ್ ಫೀ ಇನ್ನೊಂದು ಕಂತು ಕಟ್ಟೋ ಮೊದಲ ಕಣ್ಣು ತೋರಿಸ್ರಿ, ಎಂಟ್ರನ್ಸ್ ಪಾಸಾಗಿ ಮೆಡಿಕಲ್‌ನ್ಯಾಗ ವಾಪಸ್ ಬಂದ ಹುಡುಗನ್ನ ಸಮಾಧಾನ ಮಾಡೋದು ಬಾಳ ಕಷ್ಟ. ಉಳಿದ ದಾರಿ ಮೊದಲಿನಕಿಂತ ಈಗ ಅಗಲ ಆಗ್ಯಾವ. 2020ರ ಜೂನ್‌ನ್ಯಾಗ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮದ ಫಾರ್ಮ್ ಬದಲಿ ಮಾಡಿ ಕಡಿಮಿ ಮತ್ತ ಮಧ್ಯಮ ಪ್ರಮಾಣದ ಬಣ್ಣಗುರುಡು ಇರೋರಿಗೂ ಡ್ರೈವಿಂಗ್ ಲೈಸೆನ್ಸ್ ಸಿಗೋ ಹಂಗ ಮಾಡೈತಿ, ಸಿಗ್ನಲ್ ಕಂಬದಾಗ ಮ್ಯಾಲಿಂದು ಕೆಂಪು ಕೆಳಗಿಂದು ಹಸಿರು ಅಂತ ಜಾಗಾ ನೋಡೇ ಅವರು ಬೆಳಗಾವಿ ಚನ್ನಮ್ಮ ಸರ್ಕಲ್ ದಾಟ್ತಾರ. 2022ರಾಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಣ್ಣಗುರುಡು ಇರೋ ವಿದ್ಯಾರ್ಥಿನ ಸೇರಿಸ್ಕೋರಿ ಅಂತ ಸುಪ್ರೀಂ ಕೋರ್ಟೇ ಹೇಳ್ತು, ಅದೂ ಎಡಿಟಿಂಗ್ ಕೋರ್ಸಿಗೆ. ರಿಪೋರ್ಟ್ ಏನ ಬಂದ್ರೂ ಹುಡುಗನ ಮುಂದ ಮುಖ ಸಣ್ಣದು ಮಾಡ್ಕೋಬ್ಯಾಡ್ರಿ, ಮತ್ತ ಮಾವ, ತಾಯಿಯ ಅಪ್ಪ ಇವರಿಗೆ ಯಾರಿಗರ ಇತ್ತೇನು ಅಂತ ಕೇಳ್ಕೊಂಡು ಹೋಗ್ರಿ, ಡಾಕ್ಟರು ಮೊದಲ ಕೇಳೋದ ಅದನ್ನ.